ಹಬ್ಬ ಬಿಡದವರು

ಅವರು ಜರ್ಮನಿಯ ಈ ಅಬ್‌ಸ್ಟಾಟ್ ಊರನ್ನು ಬಿಟ್ಟುಹೋಗಿ ಒಂದು ವರ್ಷವಾಗುತ್ತ ಬಂತು. ಈಗಲೂ ನಮ್ಮ ಮೀಟಿಂಗಿನಲ್ಲಿ ಯಾರಾದರೂ "ಹಾಗೆಲ್ಲ ಮಾಡುವಂತಿಲ್ಲ" ಎಂದರೆ ನಾವು ಒಂದಿಬ್ಬರು ಕಿಟಕಿಯ ಪಕ್ಕದ ಕುರ್ಚಿಯತ್ತ ನೋಡುತ್ತೇವೆ. ಅಲ್ಲಿ ಈಗ ಬೇರೆ ಯಾರೋ ಕೂತಿರುತ್ತಾರೆ. ಅವರಿದ್ದಿದ್ದರೆ ಕನ್ನಡಕವನ್ನು ಹಣೆಗೇರಿಸಿ, ಜರ್ಮನ್ನಿನಲ್ಲಿ, ಬಹಳ ವಿನಯದಿಂದ ಕೇಳುತ್ತಿದ್ದರು: "ಅದು ಎಲ್ಲಿ ಬರೆದಿದೆ?" ಬರೆದದ್ದನ್ನು ತೋರಿಸಿದರೆ ಒಪ್ಪಿಕೊಳ್ಳುವರು. ತೋರಿಸಲಾಗದಿದ್ದರೆ ತಮಗೆ ಸರಿ ಕಂಡದ್ದನ್ನು ಮಾಡುವರು. ನನ್ನ ಹತ್ತಿರ ಕನ್ನಡದಲ್ಲಿ ಕೇಳುವಾಗ ಆ ವಿನಯ ಸ್ವಲ್ಪ ಕಡಿಮೆ. "ಎಲ್ಲಿ ಬರ್ದುಂಟು ಮಾರಾಯ್ರೆ?"

ಹೆಸರು ಬರೆಯುವುದಿಲ್ಲ. ಅವರನ್ನು ಬಲ್ಲವರಿಗೆ ಹೆಸರು ಬೇಕಾಗಿಯೂ ಇಲ್ಲ.

ಅವರು ಉಡುಪಿಯ ಹತ್ತಿರದವರು, ನಾನು ಮೈಸೂರಿನವಳು. ಕಾರಿನ ಬ್ರೇಕುಗಳನ್ನು ಪರೀಕ್ಷಿಸುವ ವಿಭಾಗದಲ್ಲಿ ಆರು ವರ್ಷ ಎದುರುಬದುರು ಮೇಜುಗಳಲ್ಲಿ ಕೂತೆವು. ಎತ್ತರದ ಆಳು, ತಲೆ ಬೋಳು, ದಿನವೂ ಚೌಕುಳಿ ಅಂಗಿ. ಡ್ರಾಯರನ್ನು ಯಾವಾಗಲೂ ಮೊಣಕಾಲಿನಿಂದ ದೂಡಿ ಮುಚ್ಚುತ್ತಿದ್ದರು, ಎರಡೂ ಕೈ ಖಾಲಿ ಇದ್ದಾಗಲೂ. ಇದೆಂಥ ಅಭ್ಯಾಸ ಎಂದುಕೊಳ್ಳುತ್ತಿದ್ದೆ. ಒಮ್ಮೆ ಅವರ ಮನೆಗೆ ಹೋದಾಗ ತಿಳಿಯಿತು: ಒಂದು ಕಂಕುಳಲ್ಲಿ ಚಿಕ್ಕ ಮಗಳು, ಇನ್ನೊಂದು ಕೈಯಲ್ಲಿ ಬಾಣಲೆ, ಕಪಾಟು ಮುಚ್ಚಲು ಉಳಿದದ್ದು ಮೊಣಕಾಲು ಮಾತ್ರ.

ಅವರ ಹೆಂಡತಿ ಸ್ವೀಡನ್ನಿನವರು. ಅಲ್ಲಿನ ಪಶ್ಚಿಮ ಕಡಲತೀರದ ಒಂದು ಮೀನುಗಾರರ ಊರು. "ನಾನೂ ಪಶ್ಚಿಮ ಕರಾವಳಿ, ಅವಳೂ ಪಶ್ಚಿಮ ಕರಾವಳಿ. ಇನ್ನು ಜಾತಕ ಎಂತ ನೋಡ್ಲಿಕ್ಕೆ?" ಎಂದು ಹೇಳಿ ತಾವೇ ಮೊದಲು ನಗುತ್ತಿದ್ದರು. ಮಕ್ಕಳ ಹತ್ತಿರ ಹೆಂಡತಿ ಸ್ವೀಡಿಷ್ ಮಾತಾಡುವರು, ಇವರು ಕನ್ನಡ. ಮಕ್ಕಳಿಬ್ಬರೂ ತಮ್ಮತಮ್ಮಲ್ಲಿ ಜರ್ಮನ್. ಆ ಮನೆಯಲ್ಲಿ ಒಂದು ಲೋಟ ನೀರು ಕೇಳಿದರೂ ಮೂರು ಭಾಷೆಯಲ್ಲಿ ಉತ್ತರ ಬರುತ್ತಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಆಕೆ ಚಿಕ್ಕವಳನ್ನು ಕಿಂಡರ್‌ಗಾರ್ಟನ್ನಿಗೆ ಬಿಟ್ಟು ಬಂದು, ಅಡುಗೆಮನೆಯಲ್ಲಿ ಕುಸಿದುಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಆಗ ಆಕೆಗೆ ಮೂವತ್ತಾರು.

ದೊಡ್ಡವಳಿಗೆ ಏಳು ವರ್ಷ, ಚಿಕ್ಕವಳಿಗೆ ನಾಲ್ಕು. ದೊಡ್ಡವಳು ಅಂದಿನಿಂದ ಸ್ವೀಡಿಷ್ ಮಾತಾಡುವುದನ್ನೇ ನಿಲ್ಲಿಸಿದಳು. ಸ್ವೀಡನ್ನಿನಿಂದ ಅಜ್ಜ ಅಜ್ಜಿ ವಿಡಿಯೋ ಕರೆ ಮಾಡಿದರೆ ಫೋನನ್ನು ತಂಗಿಯ ಕೈಗಿಟ್ಟು ಎದ್ದುಹೋಗುತ್ತಿದ್ದಳು. ಅಪ್ಪ ಕನ್ನಡದಲ್ಲಿ ಏನೇ ಕೇಳಿದರೂ ಜರ್ಮನ್ನಿನಲ್ಲಿ ಒಂದೇ ಪದದ ಉತ್ತರ. ಚಿಕ್ಕವಳು ಊಟ ಬಿಟ್ಟಳು. ಬೆಣ್ಣೆ ಸವರಿದ ಬ್ರೆಡ್ಡು, ಅದೂ ಅಂಚು ಕತ್ತರಿಸಿದ್ದು, ಅಷ್ಟೇ.

ಮೇ ಕೊನೆಯಲ್ಲಿ ಅವರ ಅಮ್ಮ ಉಡುಪಿಯಿಂದ ಮೂರು ತಿಂಗಳ ವೀಸಾದಲ್ಲಿ ಬಂದಿಳಿದರು. ಬಂದದ್ದು ಮಗನಿಗೆ ಸಹಾಯ ಮಾಡಲು ಎಂದು ನಾವೆಲ್ಲ ತಿಳಿದಿದ್ದೆವು. ಅವರು ಬಂದದ್ದು ಮಕ್ಕಳನ್ನು ಕರೆದುಕೊಂಡು ಹೋಗಲು. ಊರಿನ ಶಾಲೆಯಲ್ಲಿ ಎರಡು ಸೀಟು ಮಾತಾಡಿಯೇ ವಿಮಾನ ಹತ್ತಿದ್ದರು.

"ನೀನು ಒಬ್ಬನೇ ಇಲ್ಲಿ ಎಂತ ಮಾಡ್ತಿ? ಆಫೀಸಿಗೆ ಹೋಗ್ತಿಯಾ, ಇವಕ್ಕೆ ಬೇಯಿಸಿ ಹಾಕ್ತಿಯಾ?" ಎಂದು ಅಮ್ಮ.

"ಎರಡೂ ಮಾಡ್ತೇನೆ" ಎಂದು ಮಗ.

ಮರುದಿನ ಆಫೀಸಿನಲ್ಲಿ ಇದನ್ನು ನನಗೆ ಹೇಳುವಾಗ ಅವರ ದನಿಯಲ್ಲಿ ದುಃಖವೇನೂ ಇರಲಿಲ್ಲ. ಯಾರೋ ಪಂದ್ಯಕ್ಕೆ ಕರೆದಂತಿತ್ತು.

ಆ ವಾರವೇ ಕಾಫಿ ಮೆಷಿನ್ ಮುಂದೆ ನನ್ನನ್ನು ನಿಲ್ಲಿಸಿ ಕರೆದರು. "ಜೂನ್ ಮೂರನೇ ಶುಕ್ರವಾರ ಮಧ್ಯಾಹ್ನ ಗಂಡಹೆಂಡತಿ ಇಬ್ಬರೂ ಮನೆಗೆ ಬನ್ನಿ. ಮಿಡ್‌ಸೊಮ್ಮರ್ ಉಂಟು." ಅದು ಸ್ವೀಡನ್ನಿನವರ ದೊಡ್ಡ ಹಬ್ಬ. ವರ್ಷದ ಅತಿ ಉದ್ದದ ಹಗಲಿನ ಆಸುಪಾಸಿನಲ್ಲಿ ಎಲೆ ಹೂವು ಸುತ್ತಿದ ಕಂಬ ನಿಲ್ಲಿಸಿ ಅದರ ಸುತ್ತ ಕುಣಿಯುತ್ತಾರೆ. ಅವರ ಹೆಂಡತಿ ಪ್ರತಿ ವರ್ಷ ಮಾಡುತ್ತಿದ್ದರು, ನಾವೂ ಹೋಗಿ ಕುಣಿದಿದ್ದೆವು.

ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯದಿದ್ದರೆ ಮೋಸವಾಗುತ್ತದೆ. "ಈ ವರ್ಷಾನೂ ಮಾಡ್ತಿದ್ದೀರಾ? ಅಲ್ಲ, ವರ್ಷಾಂತಿಕ ಆಗೋವರೆಗೂ ನಮ್ಮಲ್ಲಿ ಹಬ್ಬ ಅಂತ ಮಾಡಲ್ಲ ಅಲ್ವಾ? ನಿಮ್ಮ ತಾಯೀನೂ ಇದ್ದಾರೆ. ನೋಡಿದವರು ಏನಂದ್ಕೋತಾರೆ..."

ಅವರು ಕಪ್ಪನ್ನು ಮೆಷಿನ್ ಮೇಲಿಟ್ಟರು.

"ಚಿಕ್ಕವಳಿಗೆ ನಾಲ್ಕು ವರ್ಷ. ಒಂದು ವರ್ಷ ಅಂದ್ರೆ ಅವಳ ಆಯುಷ್ಯದ ಕಾಲು ಭಾಗ. ನಿಮಗೆ ಎಷ್ಟು?"

"ಮೂವತ್ತೆಂಟು."

"ಹಾಗಾದ್ರೆ ಒಂಬತ್ತೂವರೆ ವರ್ಷ ಹಬ್ಬ ಇಲ್ಲದೆ ಕೂತ್ಕೊಳ್ಳಿ ಅಂದ್ರೆ ನೀವು ಕೂತ್ಕೊಳ್ತೀರಾ?"

ನಾನು ಕಾಫಿ ಮೆಷಿನ್ನಿನ ಗುಂಡಿ ಒತ್ತಿದೆ.

"ಅವಳು ಇಲ್ಲ ಅಂತ ನನಗೆ ಯಾರೂ ನೆನಪು ಮಾಡ್ಬೇಕಾಗಿಲ್ಲ ಮಾರಾಯ್ರೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡ್ಲೇ ಮೊದಲು ಗೊತ್ತಾಗುದೇ ಅದು. ಆದ್ರೆ ಈ ಮಕ್ಕಳಿಗೆ ಅಮ್ಮ ಅಂದ್ರೆ ಆಸ್ಪತ್ರೆ, ಅಳು ಅಂತ ಆಗ್ಬಾರದು. ಅಮ್ಮ ಅಂದ್ರೆ ಸ್ಟ್ರಾಬೆರಿ ಕೇಕು ಅಂತ ಆಗ್ಬೇಕು. ನೀವು ಬಂದ್ರೂ ಮಾಡ್ತೇನೆ, ಬಾರದಿದ್ರೂ ಮಾಡ್ತೇನೆ."

ಸಂಜೆ ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವನು, "ನೀನು ಹಾಗೆ ಅನ್ನಬಾರದಿತ್ತು" ಎಂದ. ನನಗೂ ಅದು ಗೊತ್ತಾಗಿತ್ತು.

ಹಬ್ಬಕ್ಕೆ ಮುಂಚೆ ಒಂದು ಪತ್ರ ಬಂತು. ಅವರ ಕಟ್ಟಡವನ್ನು ನೋಡಿಕೊಳ್ಳುವ ಹೌಸ್‌ಫೆರ್ವಾಲ್ಟುಂಗ್, ಅಂದರೆ ನಿರ್ವಹಣಾ ಕಚೇರಿ, ಬರೆದದ್ದು. ಕಳೆದ ವರ್ಷ ಹಿಂದಿನ ಹುಲ್ಲುಹಾಸಿನಲ್ಲಿ ಗುಂಡಿ ತೋಡಿದ್ದು ಕಂಡುಬಂದಿದೆ, ಇನ್ನು ಮುಂದೆ ತೋಡಕೂಡದು ಎಂದು. ಅವರು ಅದನ್ನು ಆಫೀಸಿಗೆ ತಂದು ನನಗೆ ಎರಡು ಸಲ ಓದಿ ಹೇಳಿದರು.

"ಗುಂಡಿ ತೋಡ್ಬಾರದು ಅಂತ ಬರ್ದಿದ್ದಾರೆ. ಕಂಬ ನಿಲ್ಲಿಸ್ಬಾರದು ಅಂತ ಎಲ್ಲಿ ಬರ್ದುಂಟು?"

ನೆಲಮಹಡಿಯ ಮುದುಕಿ ತನ್ನ ಬಿಸಿಲುಛತ್ರಿಯ ಕಾಂಕ್ರೀಟ್ ಪಾದವನ್ನು ಕೊಟ್ಟಳು. ಮೂರು ಮೀಟರ್ ಕಂಬ ಗಾಳಿಗೆ ಬೀಳದಿರಲು ಪಾದಕ್ಕೆ ಇನ್ನೆಷ್ಟು ಭಾರ ಹೇರಬೇಕೆಂದು ಅವರು ಊಟದ ಬಿಡುವಿನಲ್ಲಿ ಲೆಕ್ಕ ಹಾಕಿದರು. ನಮ್ಮ ವಿಭಾಗದ ಇಬ್ಬರು ಜರ್ಮನ್ನರು ಆ ಲೆಕ್ಕವನ್ನು ಪರಿಶೀಲಿಸಿ ಸಹಿಯನ್ನೂ ಹಾಕಿದರು.

ಹೆಂಡತಿಯ ಅಡುಗೆ ಪುಸ್ತಕವೊಂದಿತ್ತು. ಕೈಬರಹದ್ದು, ಪೂರ್ತಿ ಸ್ವೀಡಿಷ್. ಅಲ್ಲಿನವರು ಹಿಟ್ಟು ಸಕ್ಕರೆಯನ್ನೆಲ್ಲ ಡೆಸಿಲೀಟರಿನಲ್ಲಿ ಅಳೆಯುತ್ತಾರಂತೆ. ಅವರು ಊರಿನ ಒಂದು ಸ್ಟೀಲ್ ಲೋಟಕ್ಕೆ ಒಳಗೆ ಗೆರೆ ಕೊರೆದು ಅಳತೆ ಮಾಡಿಕೊಂಡರು. ದಿನಾ ಸಂಜೆ ಒಂದೊಂದು ಪುಟ. ದ್ರಾಕ್ಷಿ ತೋಟದ ದಾರಿಬದಿಯಲ್ಲಿ ಹೋಲುಂಡರ್ ಗಿಡದ ಬಿಳಿ ಹೂಗೊಂಚಲು ಕಿತ್ತು ತಂದು ನಿಂಬೆ, ಸಕ್ಕರೆ ಹಾಕಿ ಶರಬತ್ತು ಮಾಡಿದರು. ಮೊದಲ ಸಲದ್ದು ಹುಳಿ ಬಂದು ಬಾಟಲಿಯ ಮುಚ್ಚಳ ಹಾರಿತು. ಎರಡನೆಯದು ಸರಿಯಾಯಿತು. ಹೆರ್ರಿಂಗ್ ಮೀನನ್ನು ಸಿಹಿ ವಿನೆಗರಿನಲ್ಲಿ ನೆನೆಹಾಕಿ, "ಇದು ನಮ್ಮ ಬೂತಾಯಿಯ ತಂಗಿಯೇ, ಸಕ್ಕರೆ ತಿಂದು ಹಾಳಾಗಿದ್ದಾಳೆ" ಎಂದರು. ಸಸ್ಯಾಹಾರಿಯಾದ ನನಗೆ ಅದನ್ನು ಒಪ್ಪುವ ಅವಕಾಶವೂ ಇರಲಿಲ್ಲ, ಅಲ್ಲಗಳೆಯುವ ಅವಕಾಶವೂ ಇರಲಿಲ್ಲ.

ಅಮ್ಮ ಈ ಯಾವುದಕ್ಕೂ ಕೈ ಹಾಕಲಿಲ್ಲ. ಕೋಣೆಯೊಳಗೆ ಕೂತು ಜಪ ಮಾಡುತ್ತಿದ್ದರು. ಮಗ ಬನ್ನುಗಳಿಗೆ ಹಿಟ್ಟು ಕಲಸಿದ ದಿನ ಮಾತ್ರ ಬಾಗಿಲು ತೆರೆದುಕೊಂಡಿತಂತೆ. ಸ್ವೀಡನ್ನಿನ ದಾಲ್ಚಿನ್ನಿ ಬನ್ನಿನ ಹಿಟ್ಟಿಗೆ ಏಲಕ್ಕಿ ಬೀಳುತ್ತದೆ, ಅದೂ ಧಾರಾಳವಾಗಿ.

"ಎಂತದು ಅದು, ಏಲಕ್ಕಿಯಾ?"

"ಹೌದಮ್ಮ."

ಅಮ್ಮ ಬಂದು ಅಂಗಡಿಯ ಪುಡಿಯ ಡಬ್ಬಿ ಮೂಸಿದರು. "ಇದು ಏಲಕ್ಕಿ ಅಲ್ಲ, ಮರದ ಹೊಟ್ಟು" ಎಂದರು. ಹೋಗಿ ತಮ್ಮ ಸೂಟ್‌ಕೇಸಿನಿಂದ ಹಸಿರು ಏಲಕ್ಕಿಯ ಪೊಟ್ಟಣ ತಂದು ಕುಟ್ಟಿಕೊಟ್ಟರು. ಕುಟ್ಟುವಷ್ಟು ಹೊತ್ತೂ ಬೈಯುತ್ತಲೇ ಇದ್ದರಂತೆ. ಆ ಬನ್ನನ್ನು ಚಿಕ್ಕವಳು ಒಂದು ತಿಂದಳು. ಆಮೇಲೆ ಇನ್ನರ್ಧ. ಬೆಳಿಗ್ಗೆ ಅವರು ಆಫೀಸಿಗೆ ಬಂದು, ಚೀಲ ಕೆಳಗಿಡುವ ಮೊದಲೇ ಹೇಳಿದ್ದು ಅದನ್ನೇ. "ಒಂದೂವರೆ ತಿಂದ್ಲು."

ಶುಕ್ರವಾರ ನಾವಿಬ್ಬರೂ ಹೋದೆವು. ಆಲೂಗೆಡ್ಡೆಗೆ ಸಬ್ಬಸಿಗೆ ಸೊಪ್ಪು ಹಾಕಿ ಬೇಯಿಸಿ ಇಟ್ಟಿದ್ದರು. ಸ್ಟ್ರಾಬೆರಿ ಕೇಕು ಒಂದು ಕಡೆ ವಾಲಿತ್ತು. ಕಂಬ ಮಾತ್ರ ನೇರವಾಗಿ ನಿಂತಿತ್ತು, ಎರಡು ಬದಿಗೆ ಎರಡು ಹೂವಿನ ಬಳೆ ತೂಗುಹಾಕಿಕೊಂಡು. ಬೋಳು ತಲೆಯ ಮೇಲೆ ಡೇಸಿ ಹೂವಿನ ಕಿರೀಟವಿಟ್ಟುಕೊಂಡು ಅವರು ಆ ಹಬ್ಬದ ಕಪ್ಪೆಹಾಡಿಗೆ ಕಪ್ಪೆಯ ಹಾಗೆ ಕುಪ್ಪಳಿಸಿದರು. ಹಿಂದೆ ಚಿಕ್ಕವಳು, ಅವಳ ಹಿಂದೆ ನಾನು, ನನ್ನ ಗಂಡ. ನಾಲ್ಕು ಮಹಡಿಯ ಕಿಟಕಿಗಳಿಂದಲೂ ಜನ ನೋಡುತ್ತಿದ್ದರು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಅವರು ಎಲ್ಲ ಕಿಟಕಿಗಳಿಗೂ ಕೈಬೀಸಿದರು.

ದೊಡ್ಡವಳು ಕೆಳಗೆ ಬಂದಿರಲಿಲ್ಲ. ಮೊದಲ ಮಹಡಿಯ ಬಾಲ್ಕನಿಯಲ್ಲಿ ಕೈಕಟ್ಟಿ ನಿಂತಿದ್ದಳು. ಬಾ ಎಂದು ಅಪ್ಪ ಕರೆದದ್ದಕ್ಕೆ ಜರ್ಮನ್ನಿನಲ್ಲಿ ಕೂಗಿದಳು. "ಅದು ಮಮ್ಮನ ಹಬ್ಬ! ನಿನ್ನದಲ್ಲ! ನಿನಗೆ ಸರಿಯಾಗಿ ಹೇಳಲಿಕ್ಕೂ ಬರುವುದಿಲ್ಲ!"

ನಾನಾಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಅವರು ಕಿರೀಟ ಸರಿಮಾಡಿಕೊಂಡು, ಚಿಕ್ಕವಳನ್ನು ಕೂರಿಸಿಕೊಂಡು, ಮುಂದಿನ ಶಾಸ್ತ್ರ ಹೇಳತೊಡಗಿದರು. ಮಿಡ್‌ಸೊಮ್ಮರಿನ ದಿನ ಏಳು ಬಗೆಯ ಹೂವು ಕಿತ್ತು ತಲೆದಿಂಬಿನ ಕೆಳಗಿಟ್ಟು ಮಲಗಬೇಕು. ಹಾಗೆ ಮಾಡಿದ ಹುಡುಗಿಗೆ ಮದುವೆಯಾಗುವವನು ಕನಸಿನಲ್ಲಿ ಬರುತ್ತಾನೆ ಎಂದು ಅಲ್ಲಿನ ನಂಬಿಕೆ. ಅವರು ಮಗಳಿಗೆ ಹೇಳಿದ್ದು ಬೇರೆ: ನೀನು ಯಾರನ್ನು ನೋಡಬೇಕು ಅಂದುಕೊಳ್ಳುತ್ತೀಯೋ ಅವರು ಬರುತ್ತಾರೆ. ಅದನ್ನು ತಮ್ಮ ಒರಟು ಸ್ವೀಡಿಷ್‌ನಲ್ಲಿ ಹೇಳುತ್ತ ಏಳು ಎನ್ನುವಲ್ಲಿ "ಶೂ" ಎಂದರು. ಅದು ಆ ಭಾಷೆಯ ಕಷ್ಟದ ಸದ್ದಂತೆ, ಹೊರಗಿನವರ ಬಾಯಲ್ಲಿ ನಿಲ್ಲುವುದಿಲ್ಲ. ಚಿಕ್ಕವಳೂ "ಶೂ" ಎಂದಳು. ಅವರು ಮತ್ತೆ ಬೆರಳೆಣಿಸುತ್ತ, "ಶೂ."

ಮೇಲಿನಿಂದ ದನಿ ಬಂತು. "ಹ್ವೂ!"

ಎಲ್ಲರೂ ತಲೆ ಎತ್ತಿದೆವು.

"ಹ್ವೂ, ಪಪ್ಪ! ಶೂ ಅಲ್ಲ! ಅವಳಿಗೆ ತಪ್ಪು ಕಲಿಸಬೇಡ!"

ಅದನ್ನೆಲ್ಲ ಅವಳು ಹೇಳಿದ್ದು ಸ್ವೀಡಿಷ್‌ನಲ್ಲಿ. ನನಗೆ ಭಾಷೆ ತಿಳಿಯದಿದ್ದರೂ ಅಷ್ಟು ತಿಳಿಯಿತು. ನಾಲ್ಕು ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಸ್ವೀಡಿಷ್ ಮಾತು ಅದು. ಸಿಟ್ಟಿನಲ್ಲೇ ಮೆಟ್ಟಿಲಿಳಿದು ಬಂದು ತಂಗಿಯ ಎದುರು ಕೂತು, ಅವಳ ಗಲ್ಲ ಹಿಡಿದು, ಬಾಯಿ ಹೇಗೆ ದುಂಡಗೆ ಮಾಡಬೇಕೆಂದು ತೋರಿಸಿದಳು. ಆಮೇಲೆ ತಂಗಿಯ ಕೈಹಿಡಿದು ಬೇಲಿಯ ಕಡೆ ಹೂವು ಕೀಳಲು ಹೋದಳು. ಅವರು ಎದ್ದು ಹೋಗಿ ಕೇಕು ಕತ್ತರಿಸಿದರು.

"ನೀವು ಬೇಕಂತಲೇ ತಪ್ಪು ಹೇಳಿದ್ರಾ?" ಎಂದು ಪಿಸುಗುಟ್ಟಿದೆ.

"ಇಲ್ಲ ಮಾರಾಯ್ರೆ. ಅವಳಮ್ಮ ಹತ್ತು ವರ್ಷ ಕಲಿಸಿದ್ದಾಳೆ. ನನಗೆ ನಿಜವಾಗ್ಲೂ ಬರುದಿಲ್ಲ."

ಸೋಮವಾರ ಕೇಳಿದೆ, ಕನಸು ಬಿತ್ತಂತಾ ಎಂದು.

"ಚಿಕ್ಕವಳಿಗೆ ಬಿತ್ತಂತೆ, ಒಂದು ನಾಯಿ ಬಂತಂತೆ. ದೊಡ್ಡವಳಿಗೆ ಬೀಳ್ಲಿಲ್ಲ. ಇವತ್ತು ಪುನಃ ಇಡ್ತಾಳಂತೆ."

"ಅದು ಹಬ್ಬದ ದಿನ ಮಾತ್ರ ಅಲ್ವಾ?"

"ಎಲ್ಲಿ ಬರ್ದುಂಟು?" ಎಂದರು. ಆ ಬೇಸಿಗೆಯಿಡೀ ಆ ಹುಡುಗಿ ಹೂವು ಇಟ್ಟು ಮಲಗಿದಳು. ಅಮ್ಮ ಕನಸಿನಲ್ಲಿ ಬಂದಳೋ ಇಲ್ಲವೋ ಎಂಬುದನ್ನು ಅವಳು ಯಾರಿಗೂ ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ನನ್ನಿಂದ ಇನ್ನೊಂದು ತಪ್ಪಾಯಿತು. ಹೂವಿನ ಕಿರೀಟದ ಫೋಟೊವನ್ನು ನಮ್ಮ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದೆ. ಖುಷಿಯಿಂದಲೇ ಹಾಕಿದ್ದು. ಹತ್ತು ನಿಮಿಷದಲ್ಲಿ ಒಬ್ಬ ಹಿರಿಯರು ಬರೆದರು: "ಇಷ್ಟು ಬೇಗ?" ಇನ್ನೊಬ್ಬರು ಕೈಮುಗಿದ ಚಿತ್ರ ಹಾಕಿದರು. ಮತ್ತೊಬ್ಬರು, "ಪಾಪ, ತಾಯಿಯ ಮನಸ್ಸಿಗೆ ಹೇಗಾಗಿರಬೇಡ." ನಾನು ಫೋಟೊ ಅಳಿಸುವಷ್ಟರಲ್ಲಿ, ಗುಂಪಿನಲ್ಲೇ ಇದ್ದ ಅವರು ಅದನ್ನೆಲ್ಲ ಓದಿಯಾಗಿತ್ತು. ಯಾರಿಗೂ ಎದುರು ಬರೆಯಲಿಲ್ಲ. ಒಂದೇ ಸಾಲು ಹಾಕಿದರು: "ಆಗಸ್ಟಿನಲ್ಲಿ ಸೀಗಡಿ ಹಬ್ಬ ಉಂಟು. ಬಾಯಿ ಇದ್ದವರೆಲ್ಲ ಬನ್ನಿ, ತಿನ್ನಲಿಕ್ಕೆ."

ಜುಲೈಯಲ್ಲಿ ಚಿಕ್ಕವಳ ಹುಟ್ಟುಹಬ್ಬ. ಸ್ವೀಡನ್ನಿನ ಕ್ರಮದಲ್ಲಿ ಬೆಳಿಗ್ಗೆ ಮಗು ಹಾಸಿಗೆ ಬಿಟ್ಟೇಳುವ ಮೊದಲೇ ಮನೆಮಂದಿಯೆಲ್ಲ ತಟ್ಟೆಯಲ್ಲಿ ತಿಂಡಿ, ದೀಪ, ಪುಟ್ಟ ಬಾವುಟ ಇಟ್ಟುಕೊಂಡು ಹಾಡುತ್ತ ಕೋಣೆಗೆ ಹೋಗಬೇಕು. ಅವರು ತಟ್ಟೆ ಹಿಡಿದು ಹೊರಟಾಗ ಅಮ್ಮ ಅಡುಗೆಮನೆಯಿಂದ ಬಂದು ಒಂದು ಬಟ್ಟಲು ಹೆಸರುಬೇಳೆ ಪಾಯಸವನ್ನು ಬಾವುಟದ ಪಕ್ಕಕ್ಕಿಟ್ಟರು.

"ವರ್ಷದೊಳಗೆ ಪಾಯಸ ಮಾಡ್ಬಹುದಾ ಅಮ್ಮ?" ಎಂದು ಮಗ.

"ನೀನು ಬಾಯಿ ಮುಚ್ಚು, ಮಗು ಏಳ್ತದೆ" ಎಂದರಂತೆ ಅಮ್ಮ.

ಆಗಸ್ಟಿನ ಹಬ್ಬಕ್ಕೆ ಹನ್ನೊಂದು ಜನ ಕನ್ನಡಿಗರು ಬಂದರು. "ಇಷ್ಟು ಬೇಗ?" ಎಂದು ಬರೆದ ಹಿರಿಯರೂ ಬಂದರು, ಮೈಸೂರು ಪಾಕಿನ ಡಬ್ಬಿ ಹಿಡಿದುಕೊಂಡು. ಸ್ವೀಡನ್ನಿನಲ್ಲಿ ಬೇಸಿಗೆ ಮುಗಿಯುವಾಗ ಸಿಹಿನೀರಿನ ಸೀಗಡಿಯನ್ನು ಉಪ್ಪು, ಸಬ್ಬಸಿಗೆ ಹೂವು ಹಾಕಿ ಬೇಯಿಸಿ ತಣ್ಣಗೆ ತಿನ್ನುತ್ತಾರೆ. ತಲೆಗೆ ಕಾಗದದ ಟೋಪಿ, ಕುತ್ತಿಗೆಗೆ ಕಾಗದದ ಬಟ್ಟೆ. ಅಮ್ಮ ಪಾತ್ರೆಯೊಳಗೆ ಇಣುಕಿ, "ಸೀಗಡಿಯನ್ನು ತಣ್ಣಗೆ ತಿನ್ನುದಾ? ಮಸಾಲೆ ಇಲ್ಲದೆ? ಇದೆಂತ ರೋಗದವರ ಊಟವಾ?" ಎಂದು ಅರ್ಧ ಪಾಲನ್ನು ಎತ್ತಿಕೊಂಡುಹೋಗಿ ಕಾಯಿ, ಮೆಣಸು ಅರೆದು ಸುಕ್ಕ ಮಾಡಿ ತಂದರು. ಮೊದಲು ಖಾಲಿಯಾದದ್ದು ಅದು. ನಾನು ಬ್ರೆಡ್ಡು, ಚೀಸ್ ತಿನ್ನುತ್ತ ನೋಡುತ್ತಿದ್ದೆ. ಹಿರಿಯರು ಟೋಪಿ ಹಾಕಿಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದರು. ದೊಡ್ಡವಳು ನೇರ ಹೋಗಿ ಅವರ ತಲೆಗೆ ಒಂದು ಟೋಪಿ ಇಟ್ಟು, ದಾರವನ್ನು ಗಲ್ಲದ ಕೆಳಗೆ ಎಳೆದು ಬಿಟ್ಟಳು. ಅವರು ಅದನ್ನು ಹೋಗುವವರೆಗೂ ತೆಗೆಯಲಿಲ್ಲ.

ವೀಸಾ ಮುಗಿಯಿತು. ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣಕ್ಕೆ ನಾನೂ ಜೊತೆಗೆ ಹೋಗಿದ್ದೆ. ಮಕ್ಕಳು ಹೋಗಲಿಲ್ಲ, ಅಮ್ಮ ಒಬ್ಬರೇ ಹೊರಟರು. ಒಳಗೆ ಹೋಗುವ ಮುಂಚೆ ಮಗನ ಅಂಗಿಯ ಕಾಲರು ಸರಿಮಾಡುತ್ತ ಹೇಳಿದರು: "ನೀನು ಮಾಡಿದ್ದು ಸರಿ ಅಂತ ನಾನು ಹೇಳುದಿಲ್ಲ. ಯಾವತ್ತೂ ಹೇಳುದಿಲ್ಲ." ಕಾಲರಿನ ಗುಂಡಿ ಹಾಕಿ, "ಆದ್ರೆ ಮಕ್ಕಳು ಉಂಡ್ರು" ಎಂದರು.

ಅವರು ಕೆಳಗೆ ಬಗ್ಗಿ ಅಮ್ಮನ ಕಾಲು ಮುಟ್ಟಿದರು. ಎದ್ದ ಮೇಲೂ ಸ್ವಲ್ಪ ಹೊತ್ತು ನನ್ನ ಕಡೆ ತಿರುಗಲಿಲ್ಲ. ಆ ಬೇಸಿಗೆಯಲ್ಲಿ ನಾನು ಅವರ ಮುಖ ನೋಡಲಾಗದೆ ಹೋದದ್ದು ಅದೊಂದೇ ಸಲ.

ಮುಂದಿನ ಎರಡು ವರ್ಷವೂ ಕಂಬ ನಿಂತಿತು. ಕಳೆದ ವರ್ಷ ದೊಡ್ಡವಳು ತನ್ನಮ್ಮ ಬೆಳೆದ ಸ್ವೀಡನ್ನಿನ ಊರಲ್ಲಿ ಇರಬೇಕು ಎಂದು ಕೇಳಿದಳು. ಇವರು ಮೀನುದೋಣಿಗಳ ಎಂಜಿನ್ ರಿಪೇರಿ ಮಾಡುವ ಅಲ್ಲಿನ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಹಿಡಿದರು. ಇಂಥ ಕೆಲಸ ಬಿಟ್ಟು ಅಲ್ಲಿಗಾ ಎಂದು ಆಫೀಸಿನಲ್ಲಿ ಎಲ್ಲರೂ ಹೇಳಿದರು. ಮ್ಯಾನೇಜರ್, ಒಂದು ವರ್ಷದಲ್ಲಿ ವಾಪಸು ಬರುತ್ತೀರಿ ನೋಡಿ ಎಂದರು. ಇವರು ನಕ್ಕು, ಡ್ರಾಯರನ್ನು ಮೊಣಕಾಲಿನಿಂದ ಮುಚ್ಚಿ ಹೊರಟರು.

ಈ ಸಲ ಚೌತಿಯ ದಿನ ಫೋನ್ ಮಾಡಿದೆ. ಎತ್ತಿಕೊಂಡದ್ದು ದೊಡ್ಡವಳು. ಅವಳ ಹತ್ತಿರ ಯಾವಾಗಲೂ ಜರ್ಮನ್ನಿನಲ್ಲೇ ಮಾತಾಡಿ ಅಭ್ಯಾಸ. ಪಪ್ಪ ಇದ್ದಾರಾ ಎಂದು ಅದೇ ಭಾಷೆಯಲ್ಲಿ ಕೇಳಿದೆ.

"ಕನ್ನಡದಲ್ಲಿ ಕೇಳಿ ಆಂಟಿ" ಎಂದಳು, ಥೇಟ್ ಉಡುಪಿಯ ಅಜ್ಜಿಯ ರಾಗದಲ್ಲಿ. "ಇವತ್ತು ಇಲ್ಲಿ ಬೇರೆ ಭಾಷೆ ಮಾತಾಡ್ಲಿಕ್ಕಿಲ್ಲ. ಮಾತಾಡಿದ್ರೆ ಕಡುಬು ಸಿಗುದಿಲ್ಲ. ಪಪ್ಪ ಹೇಳಿದ್ದಾರೆ, ಇಲ್ಲಿ ಸ್ವೀಡಿಷ್ ತಾನಾಗಿ ಬರ್ತದೆ, ಕನ್ನಡವನ್ನು ನಾವೇ ಹಿಡ್ಕೊಳ್ಬೇಕು ಅಂತ. ಅಜ್ಜನಿಗೂ ಅದೇ ರೂಲು."

ಹಿಂದಿನಿಂದ ಅವಳಮ್ಮನ ಅಪ್ಪನ ದನಿ ಕೇಳಿಸಿತು. ವಯಸ್ಸಾದ ಆ ಸ್ವೀಡನ್ನಿನ ಮೀನುಗಾರ ಒಂದೊಂದೇ ಪದವನ್ನು ಹುಡುಕಿ ಹೇಳುತ್ತಿದ್ದರು: "ಇನ್ನೊಂದು... ಕಡುಬು... ಕೊಡಿ." ಯಾರೋ ಚಪ್ಪಾಳೆ ತಟ್ಟಿದರು.

ನಾನು ಮೊದಲಿನಿಂದ, ಕನ್ನಡದಲ್ಲಿ ಕೇಳಿದೆ.